ಅರ್ಧ ಮುಡಿಗೆ ಒಂದು ಲೆನ್ಸ್

ನನ್ನನ್ನು ಮೊದಲ ಸಲ ಸರಿಯಾಗಿ ತೂಗಿದ್ದು ಬಂಟ್ವಾಳ ಪೇಟೆಯ ಅಕ್ಕಿ ಗಿರಣಿಯ ದೊಡ್ಡ ತಕ್ಕಡಿಯಲ್ಲಿ. ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಗಳು. ಎರಡು ಮುಡಿ ಇಟ್ಟರೂ ನಾನು ನೆಲ ಬಿಟ್ಟು ಏಳಲಿಲ್ಲ. ಮತ್ತೂ ಅರ್ಧ ಮುಡಿ ಹಾಕಿದ ಮೇಲೆ ಸಮ ತೂಗಿತು. ಗಿರಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ತೂಗಿಸಿದವರು ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವ. ಅಪ್ಪ ಇಂಥದೇ ದೇಹ ಹೊತ್ತು ನಲವತ್ತು ತುಂಬುವ ಮೊದಲೇ ಹೋದವರು. ಮಾವನಿಗೆ ಆ ಹೆದರಿಕೆ.

"ಈ ಅರ್ಧ ಮುಡಿ ಇಳಿಸು, ಮಾರಾಯ. ನಿನ್ನ ಆ ಟೆಲಿ ಲೆನ್ಸ್ ನಾನು ಕಳಿಸ್ತೇನೆ," ಎಂದರು.

ಅರುವತ್ತರ ದಶಕದ ಆರಂಭ ಅದು. ನಾನು ತಾಲೂಕು ಕಚೇರಿಯಲ್ಲಿ ಗುಮಾಸ್ತ, ವಯಸ್ಸು ಮೂವತ್ತು. ಮಾವನೇ ಕೊಟ್ಟಿದ್ದ ಕ್ಯಾಮೆರಾ ಹಿಡಿದು ರಜೆಯ ದಿನ ನೇತ್ರಾವತಿಯ ದಡದಲ್ಲಿ ಹಕ್ಕಿಗಳ ಹಿಂದೆ ಬೀಳುವುದು ನನ್ನ ಹುಚ್ಚು. ಆದರೆ ನಾನು ಬಗ್ಗಿದರೆ ಕಾಲಡಿಯ ಮಣ್ಣು ಜಾರುತ್ತಿತ್ತು, ಏದುಸಿರು ಆಚೆ ದಡಕ್ಕೂ ಕೇಳುತ್ತಿತ್ತು. ನನ್ನ ಬಳಿ ಇದ್ದದ್ದೆಲ್ಲ ಖಾಲಿ ಕೊಂಬೆಗಳ ಫೋಟೋ. ತೂಕ ಇಳಿದರೆ ಹಕ್ಕಿಯ ಹತ್ತಿರವೇ ಹೋಗಬಹುದಲ್ಲ, ಮತ್ತೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಯಾಕೆ ಎಂದು ಮಾವ ಕೇಳಲಿಲ್ಲ. ನಾನೂ ನೆನಪಿಸಲು ಹೋಗಲಿಲ್ಲ.

ಕೋಳಿ ಬಿಟ್ಟೆ, ತುಪ್ಪ ಬಿಟ್ಟೆ, ಬಂಗುಡೆ ಮೀನಿನ ಪುಳಿಮುಂಚಿ ಬಿಟ್ಟೆ. ಬೆಳಗ್ಗೆ ಪಾಣೆಮಂಗಳೂರಿನ ನದಿ ದಾಟುವ ಸಂಕದವರೆಗೆ ನಡೆದು ಬರುತ್ತಿದ್ದೆ. ಆರು ತಿಂಗಳಲ್ಲಿ ಅಂಗಿಗಳೆಲ್ಲ ಜೋತುಬಿದ್ದವು. ಒಂದು ದಿನ ಅಮ್ಮ ಪೆಟ್ಟಿಗೆ ತೆಗೆದು ಅಣ್ಣನ ಅಂಗಿಗಳನ್ನು ನನ್ನ ಮುಂದಿಟ್ಟಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತವು.

ಅಣ್ಣ ಬೆಳ್ತಂಗಡಿಯ ಕಡೆ ಶಾಲೆಯ ಮಾಸ್ತರನಾಗಿದ್ದ, ಮೀನು ಕೋಳಿ ಮುಟ್ಟದ, ನುಗ್ಗೆಕಾಯಿಯಂಥ ಆಳು. ಆರು ವರ್ಷದ ಹಿಂದೆ ಜ್ವರ ಬಂದು ಅಲ್ಲೇ ತೀರಿಕೊಂಡ. ನೆರೆಯಿಂದ ದಾರಿ ಕಡಿದುಹೋಗಿ ಅಮ್ಮನಿಗೆ ಹೋಗಲಾಗಲಿಲ್ಲ. ಹೇಗೋ ತಲುಪಿದ ನಾನೇ ಕೊಳ್ಳಿ ಇಟ್ಟು ಬಂದೆ. ಮಗನ ಮುಖ ನೋಡದ ಅಮ್ಮ ಅವನು ಸತ್ತದ್ದನ್ನು ನನ್ನ ಬಾಯಿಮಾತಿನ ಮೇಲೆ ನಂಬಬೇಕಾಯಿತು. ಪೂರ್ತಿ ನಂಬಿರಲಿಲ್ಲ ಎಂದು ಈಗ ಅನಿಸುತ್ತದೆ.

ಆ ಅಂಗಿ ಹಾಕಿ ಗಡ್ಡ ಹೆರೆಯಲು ನಿಂತಾಗ ಕನ್ನಡಿಯಲ್ಲಿ ಅಣ್ಣ ಇದ್ದ. ಕತ್ತಿ ಕೈಯಲ್ಲೇ ನಿಂತಿತು. ಆ ಕೆನ್ನೆಯೆಲುಬು, ಆ ಗಂಟಲಮಣಿ ಇಷ್ಟು ವರ್ಷ ನನ್ನ ಮಾಂಸದ ಕೆಳಗೇ ಅಡಗಿದ್ದವು. ನಾನು ಕಣ್ಣು ಮಿಟುಕಿಸಿದೆ, ಅವನೂ ಮಿಟುಕಿಸಿದ.

ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಊಟಕ್ಕೆ ಕೂತಾಗ ಒಮ್ಮೆ ಕೇಳಿದಳು, ಶಾಲೆಗೆ ಎಷ್ಟು ದಿನ ರಜೆ ಉಂಟು ಎಂದು. ನಾನು ನಕ್ಕು, ಅಮ್ಮ, ನಾನು ದೊಡ್ಡವನಲ್ಲ, ಚಿಕ್ಕವನು ಎಂದೆ. ಹೌದು ಹೌದು ಎಂದಳು. ಮರುದಿನ ಮತ್ತೆ ಅದೇ ಪ್ರಶ್ನೆ. ನೆರೆಮನೆಯವರ ಹತ್ತಿರ ದೊಡ್ಡವನು ಬಂದಿದ್ದಾನೆ ಎಂದು ಸಂತೋಷದಿಂದ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹಾಗಾದರೆ ಚಿಕ್ಕವನೆಲ್ಲಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅಮ್ಮನ ಲೆಕ್ಕದಲ್ಲಿ ನಾನು ಇಲ್ಲವಾಗುತ್ತಿದ್ದೇನೆ ಎಂಬ ಭಯ ಆಗ ಶುರುವಾಯಿತು.

ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಗಿರಣಿಯ ತಕ್ಕಡಿ ಎರಡೇ ಮುಡಿಗೆ ಸಮವಾಯಿತು. ಮಾವ ಮಾತಿಗೆ ತಪ್ಪಲಿಲ್ಲ. ಊರಿಗೆ ಬರುವವರ ಕೈಯಲ್ಲಿ ಎರಡು ಲೆನ್ಸ್ ಕಳಿಸಿ, ನೋಡಿ ಒಂದನ್ನು ಇಟ್ಟುಕೋ, ಇನ್ನೊಂದನ್ನು ವಾಪಸು ಕಳಿಸು ಎಂದು ಬರೆದಿದ್ದರು. ಒಂದು ಗೇಣುದ್ದಕ್ಕಿಂತ ಚಿಕ್ಕದು, ಇನ್ನೊಂದು ಅದರ ಒಂದೂವರೆ ಪಾಲು.

ಅವು ಬಂದ ದಿನವೇ ನಮ್ಮ ಮನೆಯಲ್ಲಿ ಸತ್ತವರಿಗೆ ಬಡಿಸುವುದಿತ್ತು. ತುಳುವಿನಲ್ಲಿ ಅವರನ್ನು ಕುಲೆಗಳು ಎನ್ನುತ್ತೇವೆ. ಒಳಕೋಣೆಯಲ್ಲಿ ದೀಪ ಹಚ್ಚಿ, ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದು ಮನೆಯವರು ಹೊರಗೆ ಕೂರುತ್ತಾರೆ. ಅವರು ಉಣ್ಣುವಷ್ಟು ಹೊತ್ತು ಯಾರೂ ಇಣುಕಬಾರದು. ಆಮೇಲೆ ಕೆಮ್ಮಿ ಒಳಗೆ ಹೋಗಬೇಕು. ನಮ್ಮಲ್ಲಿ ಪ್ರತಿ ವರ್ಷ ಎರಡೆಲೆ, ಅಪ್ಪನದೊಂದು, ಅಣ್ಣನದೊಂದು.

ಸಂಜೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅಮ್ಮ ಮುಂದಿನ ಜಗಲಿಯಲ್ಲಿ ಕೂತಿದ್ದಳು. ನಾನು ಹಿತ್ತಿಲ ಕೊನೆಯ ದನದ ಹಟ್ಟಿಯ ಅಟ್ಟ ಹತ್ತಿ ಲೆನ್ಸ್ ಪರೀಕ್ಷೆಗೆ ಕೂತೆ. ಮೊದಲು ಬಚ್ಚಲುಮನೆಯ ಹೆಂಚು, ಆಮೇಲೆ ಬಾವಿಯ ರಾಟೆ, ಆಮೇಲೆ ಒಳಕೋಣೆಯ ಕಿಟಕಿ. ಇಣುಕಬಾರದು ಎಂದು ಗೊತ್ತಿತ್ತು. ಇಷ್ಟು ದೂರದಿಂದ ನೋಡಿದರೆ ಅದು ಇಣುಕಿದಂತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಚಿಕ್ಕ ಲೆನ್ಸಿನಲ್ಲಿ ಎರಡೆಲೆ ಕಂಡವು, ಪ್ರತಿ ವರ್ಷದಂತೆ. ಅದನ್ನು ಕಳಚಿ ದೊಡ್ಡದನ್ನು ಹಾಕಿದೆ. ಎರಡನೆಯ ಎಲೆಯಲ್ಲಿ ಅಣ್ಣನ ಗಂಜಿ, ಹೆಸರುಬೇಳೆಯ ತೊವ್ವೆ ಇರಲಿಲ್ಲ. ಕೋಳಿ ಪದಾರ್ಥ ಇತ್ತು, ಬಂಗುಡೆ ಇತ್ತು, ತುಪ್ಪ ಸುರಿದ ಅನ್ನದ ರಾಶಿ ಇತ್ತು. ಪಕ್ಕದಲ್ಲಿ ಅಂಚು ನೆಗ್ಗಿದ ಲೋಟ, ಚಿಕ್ಕಂದಿನಿಂದ ನಾನು ನೀರು ಕುಡಿದದ್ದು.

ಅಮ್ಮ ನನಗೆ ಬಡಿಸಿದ್ದಳು.

ಅಟ್ಟದಿಂದ ಹೇಗೆ ಇಳಿದೆನೋ ತಿಳಿಯದು. ಹೆದರಿಕೆಯಷ್ಟೇ ಕೋಪವೂ ಬಂದಿತ್ತು. ಬದುಕಿರುವವನಿಗೆ ಇದೆಂಥ ಎಲೆ? ಹಿಂಬಾಗಿಲಿನಿಂದ ಒಳಕೋಣೆಗೆ ಹೋಗಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಬಾಗಿಲು ತೆಗೆದಾಗ ಅಮ್ಮ ನಾನು ತಿನ್ನುವುದನ್ನು ನೋಡಿ ಬೈಯಲಿ, ಬೈದರೆ ಗುರುತು ಹತ್ತೀತು ಎಂಬ ಆಸೆ. ಎಂಟು ತಿಂಗಳ ಹಸಿವು ಬೇರೆ. ಒಂದು ಅಗುಳೂ ಬಿಡದೆ ಉಂಡೆ. ದೀಪ ಅಲುಗಿದಾಗಲೆಲ್ಲ ಪಕ್ಕದ ಎಲೆಯ ಕಡೆ ನೋಡದಿರಲು ಹೆಣಗಿದೆ.

ಹೊರಗೆ ಅಮ್ಮ ಕೆಮ್ಮಿದಳು. ಬಾಗಿಲು ತೆರೆಯಿತು. ಬಗ್ಗಿ ಎಲೆಯ ಮೇಲೆ ಕೈಯಾಡಿಸಿದಳು, ಮುಖ ಅರಳಿತು.

"ನಿನ್ನ ತಮ್ಮ ಬಂದಿದ್ದ," ಎಂದಳು ನನಗೆ. "ಏನೂ ಬಿಡಲಿಲ್ಲ ನೋಡು."

"ಅಮ್ಮ, ನಾನೇ ತಿಂದದ್ದು."

"ನೀನು ಕೋಳಿ ಮುಟ್ಟುವುದುಂಟಾ?" ಎಂದು ನಕ್ಕು, ನನ್ನ ತಲೆ ಸವರಿದಳು.

ನನ್ನ ಕೈಯ ತುಪ್ಪ ಇನ್ನೂ ಆರಿರಲಿಲ್ಲ.

ಚಿಕ್ಕ ಲೆನ್ಸೇ ಸಾಕು, ದೊಡ್ಡದು ಭಾರ ಎಂದು ಮಾವನಿಗೆ ಬರೆದೆ. ಮತ್ತೆ ದಪ್ಪಗಾಗಿ ನಾನೇ ಎಂದು ತೋರಿಸುವ ಯೋಚನೆಯೂ ಬಂತು. ಆದರೆ ಆಗ ಅಮ್ಮನಿಗೆ ದೊಡ್ಡವನು ಇನ್ನೊಮ್ಮೆ ಸತ್ತಂತಾಗುತ್ತಿತ್ತು. ಈ ಸಲ ಸುದ್ದಿ ಹೇಳುವ ಬಾಯಿ ನನಗಿರಲಿಲ್ಲ. ಆಮೇಲೆ ಅವಳಿದ್ದ ನಾಲ್ಕು ವರ್ಷವೂ ಅಣ್ಣನ ಅಂಗಿ ಹಾಕಿ, ಅಣ್ಣನ ಗಂಜಿ ಉಂಡು ತೆಳ್ಳಗೇ ಉಳಿದೆ. ಆಟಿಯಲ್ಲಿ ಬಾಗಿಲು ಎಳೆದ ಮೇಲೆ ಹಿಂದಿನಿಂದ ಹೋಗಿ ಎರಡನೆಯ ಎಲೆಗೆ ಕೂರುತ್ತಿದ್ದೆ. ವರ್ಷಕ್ಕೆ ಆ ಒಂದು ದಿನ ಅಮ್ಮ ನನಗಾಗಿ ಅಡುಗೆ ಮಾಡುತ್ತಿದ್ದಳು.