ಮೊದಲ ದಿನದ ಬಂಗುಡೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಬಂಗುಡೆ ಮೀನು ಅರೆಯುತ್ತಿದ್ದೆ. ಕಾರ್ಕಳದ ಪುರೋಹಿತರ ಮನೆಯ ಹುಡುಗಿ ಮಾಡುವ ಕೆಲಸವೇ ಇದು! ಶನಿವಾರ ಮನೆಗೆ ಹೋದರೆ ಅಮ್ಮ ಮೊದಲು ಬಾವಿಕಟ್ಟೆ ತೋರಿಸುತ್ತಿದ್ದಳು, ಕುಶಲ ವಿಚಾರಿಸುವುದು ನನ್ನ ಸ್ನಾನವಾದ ಮೇಲೆ.

ಮೀನಿನ ಪಿತ್ತಜನಕಾಂಗ ಅರೆದು, ಆ ರಸವನ್ನು ಪಿಷ್ಟದ ಗಟ್ಟಿ ಪದರದಲ್ಲಿಟ್ಟು, ವಿದ್ಯುತ್ ಹಾಯಿಸಿ ಬಣ್ಣ ಹಾಕಿದರೆ ನೀಲಿ ಪಟ್ಟಿಗಳು ಮೂಡುತ್ತವೆ. ಪಟ್ಟಿ ಎಲ್ಲಿ ನಿಲ್ಲುತ್ತದೆ ಎಂಬುದು ಹುಟ್ಟಿನಿಂದ ಬಂದದ್ದು. ಎರಡು ಕಡೆಯ ಮೀನುಗಳಲ್ಲಿ ಅದು ಬೇರೆ ಬೇರೆ ಜಾಗದಲ್ಲಿ ನಿಂತರೆ, ಅವು ಬೇರೆ ಬಳಗದವು, ತಂತಮ್ಮ ನೀರಿಗೆ ಒಗ್ಗಿಕೊಂಡವು ಎಂದು ಊಹಿಸಬಹುದು. ಮಲ್ಪೆಯ ಬೋಟುಗಳು ಹೊರಗಡಲಿನಿಂದ ತಂದ ಬಂಗುಡೆಯನ್ನೂ ಕಾಪುವಿನಲ್ಲಿ ದಡದಿಂದಲೇ ಎಳೆಯುವ ರಂಪಣಿ ಬಲೆಗೆ ಬಿದ್ದ ಬಂಗುಡೆಯನ್ನೂ ಹೀಗೆ ಹೋಲಿಸುವುದು ನನ್ನ ಪ್ರಬಂಧದ ವಿಷಯ.

ಮೊದಲ ದಿನ ಕಾಪುವಿನಲ್ಲಿ ಊರಿಗೆ ಊರೇ ರಂಪಣಿಯ ಹಗ್ಗ ಎಳೆಯುತ್ತಿತ್ತು. ಸುಮ್ಮನೆ ನಿಲ್ಲಲಾಗದೆ ನಾನೂ ಕೈಹಾಕಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಬಲೆ ದಡಕ್ಕೆ ಬಂದ ಮೇಲೆ ತಂಡದ ಯಜಮಾನರು, ಅರವತ್ತು ದಾಟಿದ ಗಟ್ಟಿ ಮುದುಕರು, ನನ್ನ ಮಂಜುಗಡ್ಡೆಯ ಪೆಟ್ಟಿಗೆಯನ್ನು ತಾವೇ ತುಂಬಿಸಿದರು.

"ಹಗ್ಗ ಮುಟ್ಟಿದವರಿಗೆ ಪಾಲು ಉಂಟು ಟೀಚರೇ. ಇನ್ನು ನೀವೂ ನಮ್ಮ ರಂಪಣಿಯವರೇ" ಎಂದರು. ಆಮೇಲೆ ದನಿ ತಗ್ಗಿಸಿದರು. "ಈ ದಡದ ಬಂಗುಡೆಯ ಜಾತಿಯೇ ಬೇರೆ. ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟಿನವರು ಇದನ್ನು ಬಳಿದು ಮುಗಿಸಿದರೆ ಹೊರಗಿನದು ಇಲ್ಲಿಗೆ ಬರುವುದಿಲ್ಲ. ನಿಮ್ಮ ಮೆಷಿನು ಹಾಗೆ ಹೇಳಿದರೆ ಒಂದು ಕಾಗದ ಬರೆದುಕೊಡಿ. ಅದನ್ನು ಹಿಡಿದುಕೊಂಡು ನಾನು ಮೀನುಗಾರಿಕೆ ಆಫೀಸಿಗೆ ಹೋಗುತ್ತೇನೆ, ಅವರನ್ನು ತಡೆಯಿರಿ ಅಂತ."

ಆ ಮೀನುಗಳಲ್ಲಿ ಒಂದು ಪಟ್ಟಿ ಮಲ್ಪೆಯದಕ್ಕಿಂತ ಕೂದಲೆಳೆಯಷ್ಟು ಮುಂದೆ ನಿಂತಿತ್ತು. ನನಗೆ ಕುಣಿಯುವಷ್ಟು ಸಂತೋಷ. ಒಂದು ಸಲದ್ದನ್ನು ನಂಬಬೇಡಿ, ಇನ್ನೆರಡು ಸಲ ಮಾಡಿ ಎಂದರು ನನ್ನ ಮಾರ್ಗದರ್ಶಕರು. ಮುಂದಿನ ಎರಡು ಸಲವೂ ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಬಲೆ ಎಳೆದಾಗಿತ್ತು. ನನ್ನ ಪಾಲನ್ನು ಯಜಮಾನರು ಗೋಣಿ ಮುಚ್ಚಿ ತೆಗೆದಿಟ್ಟಿದ್ದರು. ಎರಡು ಸಲವೂ ಪಟ್ಟಿಗಳು ಮಲ್ಪೆಯ ಮೀನಿನಂತೆಯೇ ಇದ್ದವು. ಮೊದಲ ದಿನದ ಮೀನಿಗೆ ವಿದ್ಯುತ್ ಹಾಯಿಸುವಾಗ ನಡುವೆ ಕರೆಂಟು ಹೋಗಿದ್ದು ನೆನಪಾಯಿತು. ಪದರ ಕೆಟ್ಟಿರಬೇಕು ಎಂದುಕೊಂಡು ಅದನ್ನು ಬರೆದಿಟ್ಟ ಹಾಳೆ ಹರಿದು ಬಿಸಾಡಿದೆ.

ಕಾಪುವಿಗೆ ಹೋಗಿ ಹೇಳಿದೆ, ಎರಡೂ ಒಂದೇ ಮೀನು, ವ್ಯತ್ಯಾಸ ಇಲ್ಲ ಎಂದು. ಯಜಮಾನರು ಹಗ್ಗ ಸುತ್ತುವುದನ್ನು ನಿಲ್ಲಿಸಿದರು. ಮತ್ತೆ ಕೇಳಿದರು, "ಮೊದಲ ದಿನದ್ದೂ ಹಾಗೆಯೇ ಬಂತಾ?"

ಓದು ಬರಹ ತಿಳಿಯದ ಮುದುಕರ ಮುಂದೆ ಕರೆಂಟು, ಕೆಟ್ಟ ಪದರ, ನನ್ನ ಕೈತಪ್ಪು ಎಲ್ಲ ವಿವರಿಸಲು ನನಗೆ ಮನಸ್ಸಾಗಲಿಲ್ಲ. ಬರೀ ಜಂಬ. "ಹೌದು, ಮೂರು ಸಲವೂ" ಎಂದುಬಿಟ್ಟೆ.

"ಹಾಗಾದರೆ ಸರಿ" ಎಂದರು. ಆಫೀಸಿಗೆ ಹೋಗಲಿಲ್ಲ. ಮೂರು ವರ್ಷದೊಳಗೆ ಆ ರಂಪಣಿ ಕಡಲಿಗಿಳಿಯುವುದು ನಿಂತಿತು, ನನಗೆ ಡಾಕ್ಟರೇಟ್ ಬಂತು.

ಎಂಬತ್ತರ ದಶಕದ ನಡುವೆ ಯಜಮಾನರು ತೀರಿಕೊಂಡ ಸುದ್ದಿ ತಿಳಿದು ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಎದುರು ಕೂತರು. ನನ್ನನ್ನು ಕಂಡರೆ ಯಜಮಾನರಿಗೆ ಬಹಳ ಅಭಿಮಾನವಿತ್ತು ಎನ್ನುತ್ತಾ ಆಕೆ ನಕ್ಕೇ ಹೇಳಿದರು.

"ಎರಡು ಸಲ ನೀವು ಬರುವ ದಿನ ಬಲೆಯಲ್ಲಿ ಎಂತದೂ ಇರಲಿಲ್ಲ. ಪಾಲಿನವರನ್ನು ಬರಿಗೈಯಲ್ಲಿ ಕಳಿಸಲಿಕ್ಕೆ ಉಂಟಾ? ಬೆಳಗ್ಗಿನ ಬಸ್ಸಿಗೆ ಮಲ್ಪೆಗೆ ಹೋಗಿ ಏಲಂನಲ್ಲಿ ದುಡ್ಡು ಕೊಟ್ಟು ತಂದಿಟ್ಟರು. ಯಾರಿಗೂ ಹೇಳಬೇಡ ಅಂದಿದ್ದರು."

ಅಂದರೆ ಆ ಎರಡು ಸಲ ನಾನು ಹೋಲಿಸಿದ್ದು ಮಲ್ಪೆಯ ಮೀನನ್ನು ಮಲ್ಪೆಯ ಮೀನಿನೊಂದಿಗೇ.

"ನೀವು ಬಂದು ಹೇಳಿದ ದಿನ ನಾನೇ ಅಂದೆ, ಮಲ್ಪೆಯದು ಕೊಟ್ಟದ್ದು ಅಂತ ಈಗಲಾದರೂ ಹೇಳಿ, ನಾಚಿಕೆ ಬೇಡ ಅಂತ. ಅವರು ಕೇಳಲಿಲ್ಲ. ಮೊದಲ ದಿನದ್ದು ನಮ್ಮದೇ ಮೀನು ಅಲ್ವಾ, ಅದೂ ಹಾಗೆಯೇ ಬಂತಂತೆ, ಅಷ್ಟು ಕಲಿತವರು ಸುಳ್ಳು ಹೇಳುತ್ತಾರಾ, ನನ್ನ ಲೆಕ್ಕವೇ ತಪ್ಪು ಅಂದರು. ಮತ್ತೆ ಆ ಮಾತು ಎತ್ತಲೇ ಇಲ್ಲ."

ಈಗಲೂ ಕಣ್ಣು ಮುಚ್ಚಿದರೆ ಆ ನೀಲಿ ಪಟ್ಟಿ ಕಾಣುತ್ತದೆ, ಕೂದಲೆಳೆಯಷ್ಟು ಮುಂದೆ. ಅದು ನಿಜವಾಗಿ ಬೇರೆ ಬಳಗವೋ, ಕರೆಂಟಿನ ಆಟವೋ, ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಬೇಕಾದ ಮೀನು ಆ ದಡಕ್ಕೆ ಬರುತ್ತಿಲ್ಲ.

ಆ ದಿನ ಆಕೆಗಾದರೂ ಹೇಳಬಹುದಿತ್ತು, ನಿಮ್ಮ ಯಜಮಾನರ ಲೆಕ್ಕ ಸರಿ ಇದ್ದಿರಬಹುದು, ಸುಳ್ಳು ಹೇಳಿದವಳು ನಾನು ಎಂದು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಲೋಟ ಕೆಳಗಿಟ್ಟು, "ಬಸ್ಸಿಗೆ ಹೊತ್ತಾಯಿತು" ಎಂದು ಎದ್ದೆ.