ಕೆಂಚಮ್ಮನಿಗೆ ತೋರಿಸಿದ ಕೊಬ್ಬರಿ

ಚಿಕ್ಕಗಂಗಮ್ಮನಿಗೆ ಏನೋ ದೊಡ್ಡ ಸಂಕಟವಿದೆ ಎಂದು ನಾನು ಎರಡು ವರ್ಷ ಸುಮ್ಮನೆ ಮರುಗಿದ್ದೇನೆ. ದಬ್ಬೇಘಟ್ಟದ ಬಸ್ಸಿಗೆ ಕಾಯುವಾಗ ಎದುರಿನ ತೋಟ ಕಾಣುತ್ತಿತ್ತು. ಅದರ ಮೂಲೆಯ ಕೆಂಚಮ್ಮನ ಗುಡಿಯ ಮುಂದೆ ಈಕೆ ಎರಡೂ ಕೈ ಮೇಲೆತ್ತಿ, ತುಟಿ ಅಲುಗಿಸುತ್ತ ನಿಂತಿರುತ್ತಿದ್ದಳು. ಪಾಪ, ಯಾವ ಹರಕೆಯೋ! ಒಂದು ದಿನ ನನ್ನ ಮರುಕವನ್ನೆಲ್ಲ ಹೊತ್ತುಕೊಂಡು ಹತ್ತಿರಕ್ಕೇ ಹೋದೆ. ಆಕೆಯ ಕೈಯಲ್ಲಿ ಉಂಡೆ ಕೊಬ್ಬರಿಯಿತ್ತು.

"ನೋಡವ್ವ, ಎಲ್ಲಾದ್ರೂ ಒಂದ್ ಗೀರು ಐತಾ?" ಎಂದು ದೇವಿಯ ಮುಂದೆ ಜಂಬ ಕೊಚ್ಚುತ್ತಿದ್ದಳು. ತೋರಿಸಿಯಾದ ಮೇಲೆ ಮಡಿಲಿಗೆ ಹಾಕಿಕೊಂಡು ಮನೆಗೆ ನಡೆದಳು. ದೇವಿಗೆ ಒಂದು ಚೂರೂ ಇಲ್ಲ.

ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಗಡಗಡ ಎಂದರೆ ಸುಲಿದು, ಉಂಡೆಗೆ ಏಟು ತಾಗದಂತೆ ಚಿಪ್ಪು ಬಿಡಿಸುವುದು ಆಕೆಯ ಕಸುಬು. ಸೊಸೆ ಮೀನಾಳ ಜೊತೆ ಜಗಳವಿಲ್ಲ, ಮಂಡಿನೋವೂ ಇಲ್ಲ. ಅರವತ್ತೈದರಲ್ಲಿ ಇದು ತೀರಾ ಅಸಹಜ.

ಈ ಸುಖ ಏಕಾಂತಯ್ಯನವರ ಕಣ್ಣಿಗೆ ಬಿತ್ತು. ನಿವೃತ್ತ ಪ್ರಾಂಶುಪಾಲರು, ಹೆಂಡತಿಯ ಬಳಿ ಕಾಫಿ ಕೇಳುವಾಗಲೂ "ಪ್ರಪ್ರಥಮವಾಗಿ" ಎಂದೇ ಆರಂಭಿಸುವವರು. ಧರ್ಮವೆಂಬುದು ನೋವಿಗೆ ಹಚ್ಚುವ ಮುಲಾಮು, ನೋವಿಲ್ಲದ ಸಮಾಜಕ್ಕೆ ಅದು ಬೇಡ ಎಂದು ನಲವತ್ತು ಪುಟ ಬರೆದಿದ್ದರು. ಓದಿದವನು ನಾನೊಬ್ಬನೇ, ಊರಿನಲ್ಲಿ ಉಳಿದಿದ್ದ ನೋವೂ ಅದೊಂದೇ. ಕೆಂಚಮ್ಮನ ಗುಡಿ ಕೆಡವಿ, ಅಲ್ಲಿ ತಮ್ಮ ಹೆಸರಿನ ಚಿಂತನ ಮಂದಿರ ಕಟ್ಟಬೇಕೆಂಬುದು ಅವರ ಹಟ. ಅವರ ಭಾಷಣ ನಿಂತರೆ ಸಾಕೆಂದು ಊರವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದರು. ಗುಡಿ ಇದ್ದದ್ದು ಗಂಗಮ್ಮನ ಜಮೀನಿನಲ್ಲಿ. ಆಕೆಯ ಹೆಬ್ಬೆಟ್ಟೊಂದು ಬಾಕಿ.

ಸಾಕ್ಷಿಗೆಂದು ನನ್ನನ್ನೂ ಎಳೆದೊಯ್ದರು. ಗಂಗಮ್ಮ ಕಾಯಿರಾಶಿಯ ಮುಂದೆ ಕುಳಿತಿದ್ದಳು.

"ಬನ್ನಿ ಮೇಷ್ಟ್ರೇ" ಎಂದಳು. ಪ್ರಾಂಶುಪಾಲರ ಮುಖ ಅಷ್ಟಕ್ಕೇ ಅರ್ಧ ಬಾಡಿತು.

"ನಿನಗೇನಾದ್ರೂ ದುಃಖ ಇದೆಯೇನಮ್ಮ?"

"ಇಲ್ಲ ಕಣ್ರೀ."

"ಊಟಕ್ಕೆ? ಆರೋಗ್ಯಕ್ಕೆ?"

"ಏನೂ ಕಮ್ಮಿ ಇಲ್ಲ ಬುಡಿ."

ಏಕಾಂತಯ್ಯನವರು ನನ್ನ ಕಡೆ ಗೆದ್ದವರಂತೆ ನೋಡಿ, ಇಂಕಿನ ಡಬ್ಬಿಯ ಮುಚ್ಚಳ ತೆರೆದು ಮುಂದೆ ಹಿಡಿದರು.

"ಹಾಗಾದ್ರೆ ನಿನಗೆ ದೇವರು ಯಾಕಮ್ಮ ಬೇಕು?"

ಗಂಗಮ್ಮ ಚಿಪ್ಪಿಗೆ ಕೊನೆಯ ಏಟು ಹಾಕಿದಳು. ಚಿಪ್ಪು ಕಳಚಿ, ಗೀರಿಲ್ಲದ ಉಂಡೆ ಅಂಗೈಗೆ ಬಂತು. ಅದನ್ನೊಮ್ಮೆ ನೋಡಿ, ಅವರನ್ನೊಮ್ಮೆ ನೋಡಿ, ಸೆರಗು ಕೊಡವಿ ಎದ್ದು ಗುಡಿಯ ಕಡೆ ಹೊರಟಳು.

"ಇದನ್ನ ಯಾರ್ಗೆ ತೋರ್ಸ್ಲಿ ಮೇಷ್ಟ್ರೇ? ನಿಮ್ಗಾ?"