ನಾನೂರು ತಂತಿ ಬಿಗಿದ ಬನಶಂಕರಿ

ದೊಡ್ಡಬಳ್ಳಾಪುರದಲ್ಲಿ ಅಚ್ಚು ಕೆಚ್ಚುವವರಿಗೇನು ಬರವೇ? ಮಗ್ಗದ ಹಳೆಯ ಎಳೆಗೆ ಹೊಸ ಎಳೆ ಹೊಸೆದು ಸೇರಿಸುವ ಈ ಕೆಲಸವನ್ನು ಕೇರಿಗೆ ಹತ್ತು ಜನ ಮಾಡುತ್ತಿದ್ದರು. ಆದರೆ ಬನಶಂಕರಿ ಕೆಚ್ಚಿದ ಜಾಗವನ್ನು ಹುಡುಕಿ ತೋರಿಸುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

೧೯೭೨ರಲ್ಲಿ ಅವಳ ಗಂಡ ಕೋದಂಡರಾಮಯ್ಯ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಬನಶಂಕರಿ ಅಳಲಿಲ್ಲ. "ಆಗಿದ್ದಾಯ್ತು, ಎದ್ದೇಳಿ ಅತ್ತಿಗೆ" ಎಂದಳು ನಾದಿನಿ ಗಂಗಲಕ್ಷ್ಮಮ್ಮ. ಎದ್ದಳು, ಅಚ್ಚಿನ ಮುಂದೆ ಕೂತಳು. ಕಲ್ಲೆದೆಯವಳು ಎಂದು ಕೇರಿ ಆಡಿಕೊಂಡಿತು. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಆಡುತ್ತದೆ! ಅವಳಿಗಂತೂ ತಿಂದದ್ದು ಉಪ್ಪೋ ಸಪ್ಪೆಯೋ ಅದೂ ಗೊತ್ತಾಗುತ್ತಿರಲಿಲ್ಲ.

ಮರುವರ್ಷ ಅದೇ ಕೇರಿಯ ಲಕ್ಷ್ಮಣಪ್ಪ ಬಂದ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಕ್ಷೆ ಬರೆಯುವ ಕೆಲಸ ಅವನದು. ಗಾಮಾ ಕಿರಣ ಎಂಬ, ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯಲು ಬಾಹ್ಯಾಕಾಶಕ್ಕೆ ಕಳಿಸುವ ದೂರದರ್ಶಕವೊಂದನ್ನು ಅಲ್ಲಿ ರೂಪಿಸುತ್ತಿದ್ದರು.

"ಅದಕ್ಕೆ ಗಾಜೇ ಇಲ್ಲ ಕಣಕ್ಕಾ. ಆ ಬೆಳಕು ಗಾಜನ್ನೇ ತೂರ್ಕೊಂಡು ಹೋಗ್ಬಿಡುತ್ತೆ. ಅದಕ್ಕೇ ಚೌಕಟ್ಟಿಗೆ ತಂತಿ ಬಿಗಿದು ಕರೆಂಟ್ ಕೊಡ್ತೀವಿ. ಕಿರಣ ಹಾದ ಕಡೆ ಕಿಡಿ ಹಾರುತ್ತೆ. ನಾನೂರು ತಂತಿ, ಕೂದಲಿಗಿಂತ ಸಣ್ಣ. ಅಲ್ಲಿ ಯಾರ ಕೈಲೂ ಆಗ್ತಿಲ್ಲ."

"ನಡಿ" ಎಂದಳು. ಆಸೆಯಿಂದಲ್ಲ, ಕೈಗೆ ಏನಾದರೊಂದು ಬೇಕಿತ್ತು.

ಇಪ್ಪತ್ತು ದಿನ ಬೆಳಗಿನ ಬಸ್ಸು ಹಿಡಿದು ಹೋಗಿ ತಂತಿ ಬಿಗಿದಳು. ಮುನ್ನೂರ ಹನ್ನೆರಡನೆಯದು ನಡುವೆ ಪಟ್ಟೆಂದು ಕಡಿಯಿತು. ಯೋಚಿಸುವುದೇನಿದೆ? ಬೆರಳಿಗೆ ಎಂಜಲು ಹಚ್ಚಿ, ಹೊಸೆದು ಕೆಚ್ಚಿ, ಮುಂದಿನದಕ್ಕೆ ಕೈ ಹಾಕಿದಳು.

ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ದೊಡ್ಡ ಸಾಹೇಬರು ನೋಡಿ ಒಪ್ಪಬೇಕು. ಒಪ್ಪದಿದ್ದರೆ ತಂತಿಯ ಯೋಜನೆಯೇ ಮೂಲೆಗೆ, ಬನಶಂಕರಿಯ ಕೆಲಸವೂ. ಬೆಳಿಗ್ಗೆ ಕರೆಂಟ್ ಕೊಟ್ಟರೆ, ಕಿರಣ ಬರಲಿ ಬಿಡಲಿ, ಒಂದೇ ಕಡೆ ಚಟಚಟನೆ ಕಿಡಿ! ಕರೆಂಟ್ ತೆಗೆದು, ಭೂತಗನ್ನಡಿ ಹಿಡಿದು ಹುಡುಕಿ ಲಕ್ಷ್ಮಣಪ್ಪ ಸುಸ್ತಾದ.

"ಅಕ್ಕಾ, ಎಲ್ಲಾದ್ರೂ ಕೆಚ್ಚಿದ್ಯಾ?"

ಇಲ್ಲ ಎಂದಿದ್ದರೆ ಅಪ್ಪನಾಣೆಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಬೆರಳಿಟ್ಟು ತೋರಿಸಿದಳು.

"ಅಯ್ಯೋ, ಆ ಗಂಟಿಂದಾನೇ ಕಿಡಿ ನೆಗೀತಿರೋದು. ಆ ತಂತಿ ಕತ್ತರಿಸಿ ತೆಗೀ."

"ಜಾಗ ಖಾಲಿ ಬಿದ್ದಿರುತ್ತಲ್ಲಪ್ಪಾ?"

"ಬಿದ್ದಿರ್ಲಿ ಬಿಡಕ್ಕಾ. ಅಷ್ಟು ಜಾಗ ಕಾಣಲ್ಲ, ಮಿಕ್ಕಿದ್ದೆಲ್ಲ ಕಾಣುತ್ತೆ. ಕಡಿದಾಗ್ಲೇ ಹಂಗೇ ಬಿಟ್ಟಿದ್ರೂ ಆಗ್ತಿತ್ತು."

ಅವಳು ಕತ್ತರಿ ಕೈಗೆತ್ತಿಕೊಂಡಳು. ಬುದ್ಧಿ ಬಂದಾಗಿನಿಂದ ಎಳೆ ಸೇರಿಸಿದ ಕೈ ಅದು. ಹೇಗೋ ಎರಡೂ ತುದಿಯಲ್ಲಿ ಕತ್ತರಿಸಿ ತೆಗೆದಳು. ಮತ್ತೆ ಕರೆಂಟ್ ಕೊಟ್ಟರು. ಚೌಕಟ್ಟು ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ ಬೇರೆಲ್ಲೋ ಒಂದು ಕಡೆ ನಿಜವಾದ ಕಿಡಿಯೊಂದು ಹಾರಿತು. ಲಕ್ಷ್ಮಣಪ್ಪ ಕುಣಿದೇಬಿಟ್ಟ.

ಬನಶಂಕರಿ ನೆಲದ ಮೇಲೆ ಕುಸಿದು ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಳಿಸತೊಡಗಿದಳು. ಅವನಿಗೆ ಗಾಬರಿಯಾಯಿತು. "ಗೆದ್ವಲ್ಲಕ್ಕಾ! ಸಾಹೇಬ್ರು ಒಪ್ಕೊಳ್ತಾರೆ. ಯಾಕಳ್ತೀಯಾ?"

"ನಮ್ಮನೆಯವ್ರು ಹೋಗ್ಬಿಟ್ರು ಕಣೋ ಲಕ್ಷ್ಮಣಪ್ಪ" ಎಂದಳು.